ಮಷಿನ್ ಕೊಟ್ರಿ, ಅದರ ಬೀಮ್ ಅಳೆಯೋಕೂ ಟೈಮ್ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹಾಗೇ ರಾಜ್ಯದಲ್ಲಿ ರೇಡಿಯೇಷನ್ ಮಷಿನ್ ನಡೆಸ್ತಿರೋ ಎಲ್ಲಾ ಆಸ್ಪತ್ರೆಗಳ ಆಡಳಿತದವರಿಗೆ,

ನಮಸ್ಕಾರ.

ನಾನೊಬ್ಬ ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ಪೇಷಂಟಿಗೆ ಎಷ್ಟು ಡೋಸ್, ಎಲ್ಲಿಗೆ ಅಂತ ಬರೆಯೋದು ರೇಡಿಯೇಷನ್ ಆಂಕಾಲಜಿ ಡಾಕ್ಟ್ರು, ದಿನಾ ಪೇಷಂಟನ್ನ ಟೇಬಲ್ ಮೇಲೆ ಮಲಗಿಸಿ ಪೊಸಿಷನ್ ನೋಡಿ ಮಷಿನ್ ಆನ್ ಮಾಡೋದು ಟೆಕ್ನಾಲಜಿಸ್ಟು, ಆ ಡಾಕ್ಟ್ರು ಬರೆದಷ್ಟೇ ಡೋಸ್ ಮಷಿನ್ನಿಂದ ನಿಜವಾಗ್ಲೂ ಬರ್ತಾ ಇದೆಯಾ, ಬೀಳಬೇಕಾದ ಜಾಗಕ್ಕೇ ಬೀಳ್ತಾ ಇದೆಯಾ ಅಂತ ಅಳೆದು ಸೈನ್ ಹಾಕೋದು ನಾವು. ಪೇಷಂಟ್‌ಗಳು ನಮ್ಮನ್ನ ನೋಡೋದು ಅಪರೂಪ, ಯಾಕಂದ್ರೆ ನಮ್ಮ ಅಳತೆ ಕೆಲಸ ನಡೆಯೋದು ಅವರು ಬರೋಕೆ ಮುಂಚೆ ಇಲ್ಲಾ ಅವರೆಲ್ಲ ಹೋದ ಮೇಲೆ.

ರಾಜ್ಯಕ್ಕೆ ಇನ್ನೂ ಮಷಿನ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೀದರ್ ಕಡೆಯಿಂದ, ರಾಯಚೂರು, ಚಾಮರಾಜನಗರದ ಹಳ್ಳಿಗಳಿಂದ ಬಾಯಿ ಕ್ಯಾನ್ಸರ್ ಅಂತ, ಗರ್ಭಕಂಠದ ಕ್ಯಾನ್ಸರ್ ಅಂತ ಬರೋ ಜನ ಕರೆಂಟ್ (ರೇಡಿಯೇಷನ್‌ಗೆ ಜನ ಹೇಳೋ ಹೆಸರು) ಕೊಡಿಸ್ಕೊಳೋಕೆ ಆರೇಳು ವಾರ ಊರು ಬಿಟ್ಟು ಬಂದು ಇರ್ತಾರೆ, ಕೂಲಿ ಹೋಗುತ್ತೆ, ಮಕ್ಕಳ ಸ್ಕೂಲ್ ಹೋಗುತ್ತೆ, ಹತ್ತಿರದಲ್ಲೇ ಒಂದು ಮಷಿನ್ ಇದ್ದಿದ್ರೆ ಆ ಮನೆಗೆ ಎಷ್ಟು ಅನುಕೂಲ ಆಗ್ತಿತ್ತು ಅಂತ ದಿನಾ ಕಣ್ಣಾರೆ ನೋಡ್ತೀವಿ. ಅದಕ್ಕೇ ಹೊಸ ಲಿನಾಕ್ (ವಿದ್ಯುತ್ತಿನಿಂದ ರೇಡಿಯೇಷನ್ ಹುಟ್ಟಿಸೋ ಮಷಿನ್) ಬರುತ್ತೆ ಅನ್ನೋ ಸುದ್ದಿ ಓದಿದಾಗ ತುಂಬಾ ಖುಷಿಪಡೋರಲ್ಲಿ ನಾನೂ ಒಬ್ಬ. ಆದ್ರೆ ಮಷಿನ್ ಕೊಳ್ಳೋ ದಿನ ಇರೋ ಕಾಳಜಿ ಆಮೇಲೆ ಹತ್ತು ವರ್ಷ ಅದರ ಬೀಮನ್ನ, ಅಂದ್ರೆ ಅದರಿಂದ ಹೊರಡೋ ರೇಡಿಯೇಷನ್ ಕಿರಣವನ್ನ, ಅಳೆಯೋ ವಿಷಯದಲ್ಲಿ ಕಾಣಲ್ಲ. ಇವತ್ತು ಎಷ್ಟು ಪೇಷಂಟ್ ಆಯ್ತು ಅನ್ನೋ ಲೆಕ್ಕ ದಿನಾ ಮೇಲಿನವರೆಗೆ ಹೋಗುತ್ತೆ, ಇವತ್ತು ಬೀಮ್ ಸರಿ ಇತ್ತಾ ಅನ್ನೋ ಲೆಕ್ಕ ನಮ್ಮ ಲಾಗ್‌ಬುಕ್ಕಲ್ಲೇ ಉಳಿಯುತ್ತೆ. ನಾನು ಈ ಪತ್ರ ಬರೀತಿರೋದು ಆ ಎರಡನೇ ಲೆಕ್ಕದ ಬಗ್ಗೆ.

ಮೊದಲು ಒಂದು ವಿಷಯ ಹೇಳ್ತೀನಿ. ರೇಡಿಯೇಷನ್ ಬೀಮ್ ಕಣ್ಣಿಗೆ ಕಾಣಲ್ಲ ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಅದು ಎಷ್ಟರ ಮಟ್ಟಿಗೆ ಗೊತ್ತಾಗಲ್ಲ ಅನ್ನೋದು ಗೊತ್ತಿರಲ್ಲ. ಬಾಯಿ, ಗಂಟಲು ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡೋದು 70 ಗ್ರೇ (ಗ್ರೇ ಅಂದ್ರೆ ಡೋಸಿನ ಅಳತೆ), ದಿನಕ್ಕೆ 2 ಗ್ರೇ ಹಾಗೆ 35 ಸಿಟ್ಟಿಂಗ್, 7 ವಾರ. ಆ 2 ಗ್ರೇ ಬಿದ್ದಾಗ ಮೈಯಲ್ಲಿ ಏರೋ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್‌ನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗದ ಅರ್ಧಕ್ಕಿಂತ ಕಡಿಮೆ. ನೋವಿಲ್ಲ, ಬಿಸಿ ಇಲ್ಲ, ಪೇಷಂಟಿಗೆ ಏನೂ ಗೊತ್ತಾಗಲ್ಲ, ಹೊರಗೆ ಕೂತು ಟಿವಿಯಲ್ಲಿ ನೋಡ್ತಿರೋ ಟೆಕ್ನಾಲಜಿಸ್ಟಿಗೂ ಗೊತ್ತಾಗಲ್ಲ. 2 ಗ್ರೇ ಬದಲು ಎರಡೂವರೆ ಬಂದ್ರೂ ಅವತ್ತು ಯಾರಿಗೂ ಗೊತ್ತಾಗಲ್ಲ, ಒಂದೂವರೆ ಬಂದ್ರೂ ಗೊತ್ತಾಗಲ್ಲ.

ಮಷಿನ್ ಸ್ಕ್ರೀನ್ ಮೇಲೆ ನಂಬರ್ ಬರುತ್ತಲ್ಲ ಅಂತ ಕೇಳ್ತೀರಿ. ಬರುತ್ತೆ. ಅದನ್ನ ಮಾನಿಟರ್ ಯೂನಿಟ್ ಅಂತೀವಿ, ಎಂಯು. 100 ಎಂಯು ಕೊಟ್ಟೆ ಅಂತ ಮಷಿನ್ ಹೇಳುತ್ತೆ, ಅದರ ಒಳಗಿರೋ ಒಂದು ಸಣ್ಣ ಚೇಂಬರ್ ಅದನ್ನ ಎಣಿಸುತ್ತೆ, ಆದ್ರೆ ಆ 100 ಅಂದ್ರೆ ನೀರಿನಲ್ಲಿ ಇಂತಿಷ್ಟು ಡೋಸ್ ಅಂತ ತೀರ್ಮಾನ ಮಾಡೋದು ಮಷಿನ್ ಅಲ್ಲ, ಹೊರಗಿನಿಂದ ಬೇರೆ ಉಪಕರಣ ಇಟ್ಟು ಅಳೆದ ಮನುಷ್ಯ. ಒಳಗಿನ ಚೇಂಬರ್ ನಿಧಾನಕ್ಕೆ ಸರೀತಾ ಹೋಗಬಹುದು, ರಿಪೇರಿಯಲ್ಲಿ ಬೋರ್ಡ್ ಬದಲಾಗಬಹುದು, ಬೀಮ್ ಒಂದು ಕಡೆಗೆ ವಾಲಬಹುದು. ತಪ್ಪನ್ನ ಮಷಿನ್ನೇ ಹಿಡಿದು ತಾನೇ ನಿಂತುಬಿಡೋ ಇಂಟರ್‌ಲಾಕ್‌ಗಳು ಬೇಕಾದಷ್ಟಿವೆ, ಆದ್ರೆ ಮಷಿನ್ನಿನ ಅಳತೆಗೋಲೇ ಸರಿದುಹೋದಾಗ ಮಷಿನ್‌ಗೆ ಹೇಗೆ ಗೊತ್ತಾಗಬೇಕು.

ಹಾಗಾಗಿ ಅಳೀತೀವಿ. ಬೆಳಿಗ್ಗೆ ಮೊದಲ ಪೇಷಂಟ್ ಬರೋ ಮುಂಚೆ ಮಷಿನ್ ವಾರ್ಮ್‌ಅಪ್ ಮಾಡಿ, ಬಾಗಿಲು ತೆಗೆದ್ರೆ ಬೀಮ್ ನಿಲ್ಲುತ್ತಾ ನೋಡಿ, ಗೋಡೆಯ ಲೇಸರ್‌ಗಳು ಸರಿಯಾದ ಬಿಂದುವಿನಲ್ಲಿ ಸೇರ್ತಾವಾ ನೋಡಿ, ಔಟ್‌ಪುಟ್, ಅಂದ್ರೆ ಇಷ್ಟು ಎಂಯುಗೆ ಎಷ್ಟು ಡೋಸ್ ಬರ್ತಿದೆ ಅನ್ನೋದನ್ನ, ಚೆಕ್ ಮಾಡ್ತೀವಿ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂ 2009ರಲ್ಲಿ ಕೊಟ್ಟ ಟಿಜಿ-142 ಅನ್ನೋ ವರದಿ ಜಗತ್ತಿನ ತುಂಬಾ ಆಸ್ಪತ್ರೆಗಳು ಅನುಸರಿಸೋ ಮಾರ್ಗದರ್ಶಿ, ಅದರ ಪ್ರಕಾರ ದಿನದ ಔಟ್‌ಪುಟ್ಟಿನ ವ್ಯತ್ಯಾಸ 3 ಪರ್ಸೆಂಟ್ ಒಳಗೆ ಇರಬೇಕು, ತಿಂಗಳ ಅಳತೆಯಲ್ಲಿ 2 ಪರ್ಸೆಂಟ್, ವರ್ಷಕ್ಕೊಮ್ಮೆ ಪೂರ್ತಿ ಕ್ಯಾಲಿಬ್ರೇಷನ್ (ಪ್ರಮಾಣಿತ ಅಳತೆಗೆ ಹೋಲಿಸಿ ಸರಿಹೊಂದಿಸೋದು) ಮಾಡಿದಾಗ 1 ಪರ್ಸೆಂಟ್. ಇಷ್ಟು ಬಿಗಿ ಯಾಕೆ ಅಂದ್ರೆ ಪೇಷಂಟಿಗೆ ಕೊನೆಗೆ ಸೇರೋ ಡೋಸ್ ಡಾಕ್ಟ್ರು ಬರೆದದ್ದಕ್ಕಿಂತ 5 ಪರ್ಸೆಂಟ್ ಮೇಲೆ ಕೆಳಗೆ ಆಗಬಾರದು ಅಂತ ವಿಕಿರಣ ಅಳತೆಯ ಅಂತರರಾಷ್ಟ್ರೀಯ ಸಂಸ್ಥೆ ಐಸಿಆರ್‌ಯು 1976ರಲ್ಲೇ ಹೇಳಿದೆ, ಆ 5 ಪರ್ಸೆಂಟಲ್ಲಿ ಪೇಷಂಟ್ ಅಲ್ಲಾಡೋದು, ಪ್ಲಾನಿಂಗ್ ಕಂಪ್ಯೂಟರಿನ ಲೆಕ್ಕದ ಕೊರತೆ ಎಲ್ಲಾ ಸೇರಿಕೊಳ್ಳುತ್ತೆ, ಹಾಗಾಗಿ ಬೀಮ್ ಅಂತೂ ತನ್ನ ಪಾಲಿಗೆ ತುಂಬಾ ಕಮ್ಮಿ ತಪ್ಪು ಮಾಡಬೇಕು. ಗಡ್ಡೆ ಸಾಯೋದಕ್ಕೂ ಪಕ್ಕದ ಒಳ್ಳೆ ಭಾಗ ಹಾಳಾಗೋದಕ್ಕೂ ನಡುವೆ ಇರೋ ಜಾಗ ತುಂಬಾ ಇಕ್ಕಟ್ಟು.

ಅಳತೆ ಅಂದ್ರೆ ಏನು ಕೆಲಸ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಹತ್ತು ನಿಮಿಷದಲ್ಲಿ ಮುಗಿಸಿ ಅನ್ನೋರಿಗೆ ಇದು ಗೊತ್ತಿರಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಐಎಇಎ 2000ದಲ್ಲಿ ಪ್ರಕಟಿಸಿದ ಟಿಆರ್‌ಎಸ್-398 ಅನ್ನೋ ಪದ್ಧತಿ ಇದೆ, ನಾವು ಅನುಸರಿಸೋದು ಅದನ್ನ. ದೊಡ್ಡ ನೀರಿನ ತೊಟ್ಟಿ ಇಟ್ಟು, ಲೆವೆಲ್ ಮಾಡಿ, ನೀರು ರೂಮಿನ ಟೆಂಪರೇಚರಿಗೆ ಬರೋವರೆಗೆ ಕಾದು, 10 ಸೆಂಟಿಮೀಟರ್ ಆಳದಲ್ಲಿ ಅಯಾನ್ ಚೇಂಬರ್ ಇಡ್ತೀವಿ. ಆ ಚೇಂಬರ್ ಅಂದ್ರೆ ಒಂದು ಕ್ಯುಬಿಕ್ ಸೆಂಟಿಮೀಟರಿಗೂ ಕಡಿಮೆ ಗಾಳಿ ಇರೋ ಒಂದು ಪುಟ್ಟ ಕೊಳವೆ. ಬೀಮ್ ಬಿದ್ದಾಗ ಆ ಗಾಳಿಯಲ್ಲಿ ಚಾರ್ಜ್ ಹುಟ್ಟುತ್ತೆ, ಅದನ್ನ ಎಲೆಕ್ಟ್ರೋಮೀಟರ್ ಓದುತ್ತೆ. ಆ ಓದಿದ ನಂಬರಿಗೆ ಟೆಂಪರೇಚರ್, ಗಾಳಿಯ ಒತ್ತಡ, ವೋಲ್ಟೇಜ್, ಪೊಲಾರಿಟಿ, ಬೀಮಿನ ಕ್ವಾಲಿಟಿ ಅಂತ ಒಂದೊಂದೇ ತಿದ್ದುಪಡಿ ಹಾಕಿದ ಮೇಲೆ ಡೋಸ್ ಸಿಗೋದು.

ಇದರಲ್ಲಿ ಗಾಳಿ ಒತ್ತಡದ ವಿಷಯ ನಮ್ಮ ರಾಜ್ಯಕ್ಕೆ ವಿಶೇಷವಾಗಿ ಸಂಬಂಧಪಟ್ಟಿದ್ದು. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು 900 ಮೀಟರಿಗಿಂತ ಮೇಲಿದೆ. ಮಂಗಳೂರಲ್ಲಿ ಗಾಳಿ ಒತ್ತಡ 1010 ಹೆಕ್ಟೊಪಾಸ್ಕಲ್ ಆಸುಪಾಸು ಇದ್ರೆ ಬೆಂಗಳೂರಲ್ಲಿ 910ರ ಆಸುಪಾಸು. ಅಂದ್ರೆ ಬೆಂಗಳೂರಿನ ಚೇಂಬರ್ ಒಳಗೆ ಗಾಳಿನೇ ಹತ್ತು ಪರ್ಸೆಂಟ್ ಕಡಿಮೆ, ರೀಡಿಂಗೂ ಅಷ್ಟೇ ಕಡಿಮೆ ಬರುತ್ತೆ, ಅದನ್ನ ಲೆಕ್ಕದಲ್ಲಿ ಸರಿಮಾಡಬೇಕು. ಈಗ ನೋಡಿ, ಡಿಪಾರ್ಟ್‌ಮೆಂಟಲ್ಲಿ ಬ್ಯಾರೋಮೀಟರ್ ಕೆಟ್ಟಿದೆ, ಹೊಸದಕ್ಕೆ ಇಂಡೆಂಟ್ ಹಾಕಿ ತಿಂಗಳುಗಳಾಗಿದೆ, ಬರ್ಲಿಲ್ಲ ಅಂತ ಯಾರಾದ್ರೂ ಮೊಬೈಲಿನ ವೆದರ್ ಆ್ಯಪ್ ನೋಡಿ ಒತ್ತಡ ಬರ್ಕೊಂಡ್ರೆ ಏನಾಗುತ್ತೆ? ಆ್ಯಪ್‌ಗಳು ತೋರಿಸೋದು ಸಮುದ್ರ ಮಟ್ಟಕ್ಕೆ ಇಳಿಸಿದ ಒತ್ತಡ, ಬೆಂಗಳೂರಲ್ಲಿ ನಿಂತು ನೋಡಿದ್ರೂ 1012, 1014 ಅಂತಲೇ ತೋರಿಸುತ್ತೆ. ಆ ನಂಬರ್ ಹಾಕಿದ್ರೆ ಸರಿಯಾಗಿರೋ ಬೀಮ್ ಹತ್ತು ಪರ್ಸೆಂಟ್ ಕಮ್ಮಿ ಇದ್ದಂಗೆ ಕಾಣುತ್ತೆ, ಕಮ್ಮಿ ಇದೆ ಅಂತ ಔಟ್‌ಪುಟ್ ಏರಿಸ್ತಾರೆ, ಆಮೇಲೆ ಆ ಮಷಿನ್ನಿನಲ್ಲಿ ಟ್ರೀಟ್ ಆಗೋ ಪ್ರತಿಯೊಬ್ಬರಿಗೂ ಶೇ. 11ರಷ್ಟು ಹೆಚ್ಚು ಡೋಸ್, ದಿನಾ, ಎಲ್ಲರಿಗೂ. ಕೋಟಿಗಟ್ಟಲೆ ರೂಪಾಯಿ ಮಷಿನ್ ಪಕ್ಕದಲ್ಲಿ ಒಂದು ಒಳ್ಳೆ ಬ್ಯಾರೋಮೀಟರಿನ ಬೆಲೆ ಲೆಕ್ಕಕ್ಕೇ ಬರಲ್ಲ, ಆದ್ರೂ ಅದರ ಫೈಲ್ ಟೇಬಲ್ಲಿಂದ ಟೇಬಲ್ಲಿಗೆ ಅಲೆಯುತ್ತೆ. ನೀವು ಕೂತಿರೋ ಸೀಟಿನಿಂದ ಒಂದೇ ಒಂದು ಸರ್ಕ್ಯುಲರಲ್ಲಿ ಸರಿಹೋಗೋ ವಿಷಯ ಇದು.

ಚೇಂಬರ್ ಮತ್ತು ಎಲೆಕ್ಟ್ರೋಮೀಟರನ್ನೂ ನಿಗದಿತ ಅವಧಿಗೊಮ್ಮೆ ಕ್ಯಾಲಿಬ್ರೇಷನ್ ಲ್ಯಾಬಿಗೆ ಕಳಿಸಬೇಕು, ದೇಶದ ಮುಖ್ಯ ಲ್ಯಾಬ್ ಇರೋದು ಮುಂಬೈಯ ಬಿಎಆರ್‌ಸಿಯಲ್ಲಿ (ಭಾಭಾ ಅಣು ಸಂಶೋಧನಾ ಕೇಂದ್ರ). ಇರೋದು ಒಂದೇ ಸೆಟ್ ಆದ್ರೆ ಅದು ಹೋಗಿ ಬರೋ ತನಕ ಏನಿಟ್ಟು ಅಳೀಬೇಕು? ಎರಡು ಸೆಟ್ ಕೊಡಿ ಅಂದ್ರೆ ಆಡಿಟ್ ಆಕ್ಷೇಪಣೆ ಬರುತ್ತೆ ಅಂತಾರೆ.

ಇದೆಲ್ಲ ಬರೀ ಭಯ ಅಲ್ಲ, ಬೇರೆ ದೇಶಗಳಲ್ಲಿ ನಡೆದು ತನಿಖೆ ಆಗಿ ಪುಸ್ತಕ ಸೇರಿರೋ ಸಂಗತಿಗಳಿವೆ. ನಾನು ಮೂರ್ನಾಲ್ಕನ್ನ ಮಾತ್ರ ಹೇಳ್ತೀನಿ, ಪ್ರತಿಯೊಂದೂ ನಾನು ನಿಮ್ಮ ಹತ್ರ ಕೇಳೋ ಒಂದೊಂದು ವಿಷಯಕ್ಕೆ ಸಂಬಂಧಪಟ್ಟಿದೆ.

ಸ್ಪೇನ್ ದೇಶದ ಜರಗೋಜಾದಲ್ಲಿ 1990ರ ಡಿಸೆಂಬರಲ್ಲಿ ಒಂದು ಲಿನಾಕ್ ಕೆಟ್ಟಿತು. ಎಂಜಿನಿಯರ್ ಬಂದು ರಿಪೇರಿ ಮಾಡಿ ಹೋದ್ರು, ಬೀಮ್ ಬಂತು, ಪೇಷಂಟ್‌ಗಳು ಶುರುವಾದ್ರು. ಆಸ್ಪತ್ರೆಯ ಫಿಸಿಸಿಸ್ಟ್‌ಗಳಿಗೆ ರಿಪೇರಿ ಆದ ವಿಷಯ ಹೇಳಲೇ ಇಲ್ಲ. ಆ ಮಷಿನ್ನಿನಲ್ಲಿ ಎಲೆಕ್ಟ್ರಾನ್ ಬೀಮಿಗೆ ಬೇರೆಬೇರೆ ಎನರ್ಜಿ ಆರಿಸಬಹುದಿತ್ತು, ಆದ್ರೆ ಯಾವುದನ್ನ ಆರಿಸಿದ್ರೂ ಪ್ಯಾನೆಲ್ಲಿನ ಮೀಟರಿನ ಮುಳ್ಳು 36 ಎಂಇವಿ (ಎನರ್ಜಿಯ ಅಳತೆ) ಮೇಲೇ ನಿಂತಿರ್ತಿತ್ತು. ಮುಳ್ಳು ಸಿಕ್ಕಿಹಾಕ್ಕೊಂಡಿದೆ, ಮೀಟರ್ ಕೆಟ್ಟಿದೆ ಅಂತ ಅಂದ್ಕೊಂಡ್ರು. ಮೀಟರ್ ಸರಿಯಾಗಿಯೇ ಇತ್ತು, ಬೀಮೇ ಆ ಎನರ್ಜಿಯಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಗೊತ್ತಾಗೋ ಹೊತ್ತಿಗೆ 27 ಪೇಷಂಟ್‌ಗಳಿಗೆ ಬರೆದಿದ್ದಕ್ಕಿಂತ ಹಲವು ಪಟ್ಟು ಡೋಸ್ ಹೋಗಿತ್ತು, ಅವರಲ್ಲಿ ಹಲವರು ಮುಂದಿನ ತಿಂಗಳುಗಳಲ್ಲಿ ಅದರಿಂದಲೇ ತೀರಿಕೊಂಡ್ರು. ರಿಪೇರಿ ಆದ ಸಂಜೆ ಒಬ್ಬ ಫಿಸಿಸಿಸ್ಟ್ ಒಂದು ಚೇಂಬರ್ ಇಟ್ಟು ಅಳೆದಿದ್ರೆ ಸಾಕಿತ್ತು. ಈ ಘಟನೆ ಓದಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತೆ, ಯಾಕಂದ್ರೆ ಅಲ್ಲಿ ಕೆಟ್ಟ ಮನುಷ್ಯ ಯಾರೂ ಇರಲಿಲ್ಲ, ಕಾಯ್ತಿರೋ ಪೇಷಂಟ್‌ಗಳಿಗೆ ಬೇಗ ಶುರು ಮಾಡೋಣ ಅಂದ್ಕೊಂಡೋರೇ ಎಲ್ಲ.

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ 1974ರಿಂದ 76ರವರೆಗೆ ಕೋಬಾಲ್ಟ್ ಮಷಿನ್ನಿನಲ್ಲಿ ಆದದ್ದು ಇನ್ನೊಂದು ತರ. ಈ ಮಷಿನ್ನಿನ ಸೋರ್ಸ್, ಅಂದ್ರೆ ರೇಡಿಯೇಷನ್ ಹೊರಡೋ ಲೋಹ, ಕೋಬಾಲ್ಟ್-60. ಅದರ ಶಕ್ತಿ 5.27 ವರ್ಷಕ್ಕೆ ಅರ್ಧ ಆಗುತ್ತೆ, ತಿಂಗಳಿಗೆ ಹೆಚ್ಚುಕಮ್ಮಿ 1 ಪರ್ಸೆಂಟ್ ಇಳಿಯುತ್ತೆ, ಅದಕ್ಕೆ ತಕ್ಕಂಗೆ ಟೈಮ್ ಹೆಚ್ಚಿಸ್ತಾ ಹೋಗಬೇಕು. ಅಲ್ಲಿ ಆ ಇಳಿಕೆಯ ಗ್ರಾಫ್ ತಪ್ಪಾಗಿ ಎಳೆದಿದ್ರು, ಸೋರ್ಸ್ ನಿಜಕ್ಕಿಂತ ಬೇಗ ಕ್ಷೀಣಿಸ್ತಿದೆ ಅಂತ ಲೆಕ್ಕ ಬಂತು, ಪೇಷಂಟ್‌ಗಳಿಗೆ ತಿಂಗಳು ತಿಂಗಳು ಟೈಮ್ ಹೆಚ್ಚಾಗ್ತಾ ಹೋಯ್ತು. ಸುಮಾರು 2 ವರ್ಷ ಆ ಬೀಮನ್ನ ಯಾರೂ ಅಳೀಲೇ ಇಲ್ಲ, ಕಾಗದದ ಗ್ರಾಫನ್ನೇ ನಂಬಿದ್ರು. 400ಕ್ಕೂ ಹೆಚ್ಚು ಜನಕ್ಕೆ ಓವರ್‌ಡೋಸ್ ಆಯ್ತು. ನಮ್ಮಲ್ಲಿ ಕೋಬಾಲ್ಟ್ ಮಷಿನ್‌ಗಳು ಈಗಲೂ ಇವೆ, ಬಿಎಆರ್‌ಸಿ ರೂಪಿಸಿದ ಭಾಭಾಟ್ರಾನ್ ನಮ್ಮ ದೇಶದ್ದೇ ಹೆಮ್ಮೆಯ ಮಷಿನ್, ಸಣ್ಣ ಊರಿಗೆ ತುಂಬಾ ಹೊಂದೋ ಮಷಿನ್, ಆದ್ರೆ ಕೋಬಾಲ್ಟ್ ಅಂದ್ರೆ ಸಿಂಪಲ್, ಅದಕ್ಕೆ ಫಿಸಿಸಿಸ್ಟ್ ಅಷ್ಟಾಗಿ ಬೇಕಿಲ್ಲ ಅನ್ನೋ ಮಾತು ಮೀಟಿಂಗ್‌ಗಳಲ್ಲಿ ಕೇಳಿದಾಗ ನನಗೆ ಕೊಲಂಬಸ್ ನೆನಪಾಗುತ್ತೆ.

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1988ರಲ್ಲಿ ಹೊಸ ಕೋಬಾಲ್ಟ್ ಸೋರ್ಸ್ ಹಾಕಿದ ಮೇಲೆ ಕ್ಯಾಲಿಬ್ರೇಷನ್ ತಪ್ಪಾಗಿ 207 ಜನಕ್ಕೆ ಶೇ. 25 ಹೆಚ್ಚು ಡೋಸ್ ಹೋಯ್ತು. ಅದು ಸಿಕ್ಕಿಬಿದ್ದಿದ್ದು ಆಸ್ಪತ್ರೆಯವರ ಕೈಗಲ್ಲ. ದೇಶದ ಎಲ್ಲಾ ಸೆಂಟರ್‌ಗಳ ಬೀಮನ್ನ ಹೋಲಿಸಿ ನೋಡೋ ಕೆಲಸ ಆಗ ನಡೀತಿತ್ತು, ಹಾಗೆ ಹೊರಗಿನಿಂದ ತಮ್ಮದೇ ಉಪಕರಣ ತಂದು ಅಳೆದೋರಿಗೆ ಸಿಕ್ತು. ಅದೇ ದೇಶದ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಆದದ್ದಂತೂ ನನ್ನನ್ನ ಎಲ್ಲಕ್ಕಿಂತ ಹೆಚ್ಚು ಕಾಡುತ್ತೆ. 1982ರಲ್ಲಿ ಹೊಸ ಪ್ಲಾನಿಂಗ್ ಕಂಪ್ಯೂಟರ್ ಬಂತು, ಅದು ಮಷಿನ್ನಿಗೂ ಪೇಷಂಟಿಗೂ ಇರೋ ದೂರಕ್ಕೆ ಬೇಕಾದ ತಿದ್ದುಪಡಿಯನ್ನ ತಾನೇ ಹಾಕ್ತಿತ್ತು, ಸಿಬ್ಬಂದಿ ಹಳೇ ಅಭ್ಯಾಸದಂತೆ ಕೈಲೆಕ್ಕದಲ್ಲೂ ಹಾಕ್ತಾ ಹೋದ್ರು. ಎರಡೆರಡು ಸಲ ತಿದ್ದಿದ್ದರಿಂದ ಡೋಸ್ ಕಡಿಮೆ ಆಯ್ತು, ಕೆಲವರಿಗೆ ಶೇ. 30ರ ಆಸುಪಾಸಿನವರೆಗೂ ಕಡಿಮೆ. ಗೊತ್ತಾಗಿದ್ದು 1991ರಲ್ಲಿ. ಸಾವಿರಕ್ಕೂ ಹೆಚ್ಚು ಪೇಷಂಟ್‌ಗಳು.

ಯಾಕೆ ಅಷ್ಟು ವರ್ಷ ಗೊತ್ತಾಗಲಿಲ್ಲ ಅಂದ್ರೆ, ಡೋಸ್ ಹೆಚ್ಚಾದ್ರೆ ಚರ್ಮ ಸುಡುತ್ತೆ, ಹುಣ್ಣಾಗುತ್ತೆ, ಪೇಷಂಟ್ ವಾಪಸ್ ಬಂದು ತೋರಿಸ್ತಾರೆ, ಡಾಕ್ಟ್ರಿಗೆ ಅನುಮಾನ ಬರುತ್ತೆ. ಡೋಸ್ ಕಮ್ಮಿ ಆದ್ರೆ ಏನೂ ಆಗಲ್ಲ. ಚರ್ಮ ಚೆನ್ನಾಗಿರುತ್ತೆ, ಸೈಡ್ ಎಫೆಕ್ಟ್ ಕಡಿಮೆ, ಪೇಷಂಟ್ ಕೈಮುಗಿದು ಹೋಗ್ತಾರೆ. ಒಂದು ವರ್ಷದ ಮೇಲೆ ಗಡ್ಡೆ ಮತ್ತೆ ಬರುತ್ತೆ, ಕ್ಯಾನ್ಸರ್ ಅಂದ್ರೆ ಹಾಗೇ ಅಲ್ವಾ, ಅವರ ಹಣೆಬರಹ ಅಂತ ಮನೆಯವರೂ ಅಂದ್ಕೋತಾರೆ, ನಾವೂ ಅಂದ್ಕೋತೀವಿ. ಬೀಮ್ ಕಮ್ಮಿ ಇತ್ತು ಅಂತ ದೂರು ಕೊಡೋ ಪೇಷಂಟ್ ಜಗತ್ತಿನಲ್ಲಿ ಎಲ್ಲೂ ಇರಲ್ಲ. ಹಾಗಾಗಿ ನಮ್ಮಲ್ಲಿ ಕಂಪ್ಲೇಂಟ್ ಏನೂ ಬಂದಿಲ್ಲ, ಎಲ್ಲಾ ಸರಿ ಇದೆ ಅನ್ನೋ ಉತ್ತರವನ್ನ ದಯವಿಟ್ಟು ಯಾರಿಂದಲೂ ಒಪ್ಕೋಬೇಡಿ.

ಈಗ ನಮ್ಮ ಪರಿಸ್ಥಿತಿಗೆ ಬರ್ತೀನಿ. ಕಾನೂನು ಇಲ್ಲ ಅಂತಲ್ಲ. 1983ರಿಂದ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿ ಇದೆ, 2004ರ ವಿಕಿರಣ ಸುರಕ್ಷತಾ ನಿಯಮಗಳಿವೆ, ಲೈಸೆನ್ಸ್ ಇಲ್ಲದೆ ಮಷಿನ್ ನಡೆಸೋ ಹಾಗಿಲ್ಲ, ರೇಡಿಯಲಾಜಿಕಲ್ ಸೇಫ್ಟಿ ಆಫೀಸರ್ (ಆರ್‌ಎಸ್‌ಒ) ಇರಲೇಬೇಕು, ಎಇಆರ್‌ಬಿಯ ಈಲೋರಾ ಪೋರ್ಟಲಲ್ಲಿ ರಿಪೋರ್ಟ್ ಹಾಕಬೇಕು. ಇದೆಲ್ಲ ಒಳ್ಳೆ ವ್ಯವಸ್ಥೆ, ಅದನ್ನ ಕಟ್ಟಿದವರ ಮೇಲೆ ನನಗೆ ಗೌರವ ಇದೆ. ಆದ್ರೆ ಮುಂಬೈಯ ಆಫೀಸಿಗೆ ನಮ್ಮ ಆಸ್ಪತ್ರೆಯ ಬೆಳಗಿನ ಏಳು ಗಂಟೆ ಕಾಣಲ್ಲ. ಲಿಸ್ಟಲ್ಲಿ ಅವತ್ತು ಎಷ್ಟು ಪೇಷಂಟ್ ಇದಾರೆ, ಫಿಸಿಸಿಸ್ಟಿಗೆ ಮಷಿನ್ ಎಷ್ಟು ಹೊತ್ತು ಸಿಕ್ತು ಅನ್ನೋದು ಆಸ್ಪತ್ರೆಯ ಆಡಳಿತದ ಕೈಲಿದೆ, ಆಸ್ಪತ್ರೆಯ ಆಡಳಿತ ಸರ್ಕಾರದ ಕೈಲಿದೆ, ಇಲ್ಲಾ ಸರ್ಕಾರದ ಯೋಜನೆಯಿಂದ ದುಡ್ಡು ಪಡೀತಿದೆ. ಅದಕ್ಕೇ ಈ ಪತ್ರ ಎಇಆರ್‌ಬಿಗಲ್ಲ, ನಿಮಗೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮಷಿನ್ ಎರಡು ದಿನ ನಿಂತಿತ್ತು. ಮೂರನೇ ದಿನ ಮಧ್ಯಾಹ್ನ ಎಂಜಿನಿಯರ್ ಬೋರ್ಡ್ ಬದಲಾಯಿಸಿ ರೆಡಿ ಅಂದ್ರು. ಕಾರಿಡಾರ್ ತುಂಬಾ ಪೇಷಂಟ್‌ಗಳು, ಬೆಳಿಗ್ಗೆಯಿಂದ ಊಟ ಬಿಟ್ಟು ಕೂತಿರೋರು. ಮೇಲಿನಿಂದ ಫೋನ್ ಬಂತು, ಎಂಜಿನಿಯರ್ ಓಕೆ ಅಂದ್ರಲ್ಲ, ಶುರು ಮಾಡಿ, ನಿಮ್ಮ ಚೆಕಿಂಗ್ ರಾತ್ರಿ ಮಾಡ್ಕೊಳಿ ಅಂತ. ನಮ್ಮ ಸೀನಿಯರ್ ಫಿಸಿಸಿಸ್ಟ್ ಆಗಲ್ಲ ಸರ್ ಅಂದ್ರು, ನೀರಿನ ತೊಟ್ಟಿ ಇಡಿಸಿದ್ರು. ಔಟ್‌ಪುಟ್ 3 ಪರ್ಸೆಂಟ್ ಲಿಮಿಟ್ ದಾಟಿತ್ತು. ಸರಿಮಾಡಿ, ಇನ್ನೊಮ್ಮೆ ಅಳೆದು, ಸಂಜೆ ಟ್ರೀಟ್‌ಮೆಂಟ್ ಶುರುವಾಯ್ತು. ಆ ಹಿರಿಯರು ಪರ್ಮನೆಂಟ್ ಹುದ್ದೆಯಲ್ಲಿದ್ರು, ಹಾಗಾಗಿ ಆಗಲ್ಲ ಅನ್ನೋಕೆ ಆಯ್ತು. ಹನ್ನೊಂದು ತಿಂಗಳ ಕಾಂಟ್ರಾಕ್ಟಲ್ಲಿ, ರಿನ್ಯೂವಲ್ ಆಗುತ್ತೋ ಇಲ್ವೋ ಅಂತ ಕೂತಿರೋ ಇಪ್ಪತ್ತೈದು ವರ್ಷದ ಹುಡುಗಿ ಆ ಫೋನಿಗೆ ಏನು ಉತ್ತರ ಕೊಡಬೇಕು ಹೇಳಿ.

ಆಡಳಿತದವರ ಕಷ್ಟವೂ ನನಗೆ ಅರ್ಥ ಆಗುತ್ತೆ, ಅದನ್ನ ಬದಿಗಿಟ್ಟು ಮಾತಾಡೋದು ಸರಿಯಲ್ಲ. ಟ್ರೀಟ್‌ಮೆಂಟ್ ಮಧ್ಯೆ ಗ್ಯಾಪ್ ಬಿದ್ರೆ ಅದೂ ಪೇಷಂಟಿಗೆ ಕೆಟ್ಟದ್ದೇ, ಮುಖ್ಯವಾಗಿ ಬಾಯಿ ಗಂಟಲಿನ ಕ್ಯಾನ್ಸರಲ್ಲಿ ಏಳು ವಾರದ್ದು ಎಂಟು ಒಂಬತ್ತು ವಾರ ಆದ್ರೆ ಗಡ್ಡೆ ಮತ್ತೆ ಚಿಗುರೋ ಸಾಧ್ಯತೆ ಹೆಚ್ಚುತ್ತೆ. ವೇಟಿಂಗ್ ಲಿಸ್ಟ್ ಉದ್ದ ಇದೆ. ನಿಲ್ಲಿಸಿದ್ರೂ ತಪ್ಪು, ಅಳೀದೆ ನಡೆಸಿದ್ರೂ ತಪ್ಪು ಅನ್ನೋ ಇಕ್ಕಟ್ಟಿಗೆ ಪ್ರತಿ ಸಲ ಒಬ್ಬ ಮನುಷ್ಯನನ್ನ ನಿಲ್ಲಿಸೋ ಬದಲು, ಅಳೆಯೋ ಟೈಮನ್ನ ಮೊದಲೇ ಲೆಕ್ಕಕ್ಕೆ ತಗೊಂಡು ಲಿಸ್ಟ್ ಹಾಕಿದ್ರೆ ಅರ್ಧ ಸಮಸ್ಯೆ ಹುಟ್ಟೋದೇ ಇಲ್ಲ. ಒಂದು ಮಷಿನ್ ದಿನಕ್ಕೆ ಇಷ್ಟು ಪೇಷಂಟ್ ಮಾಡುತ್ತೆ ಅಂತ ಯೋಜನೆಯಲ್ಲಿ ಬರೆಯುವಾಗ ಇಡೀ ದಿನವನ್ನ ಪೇಷಂಟ್‌ಗಳ ಸಂಖ್ಯೆಯಿಂದ ಭಾಗಿಸಿಬಿಡ್ತಾರೆ, ತಪ್ಪು ಶುರುವಾಗೋದೇ ಅಲ್ಲಿ. ಐಎಂಆರ್‌ಟಿ (ಗಡ್ಡೆಯ ಆಕಾರಕ್ಕೆ ತಕ್ಕಂಗೆ ಬೀಮನ್ನ ಹೆಚ್ಚುಕಮ್ಮಿ ಮಾಡೋ ಪದ್ಧತಿ) ಮಾಡೋ ಪ್ರತಿ ಪೇಷಂಟಿನ ಪ್ಲಾನನ್ನೂ ಟ್ರೀಟ್‌ಮೆಂಟಿಗೆ ಮುಂಚೆ ಮಷಿನ್ನಿನಲ್ಲಿ ಓಡಿಸಿ, ಅಳೆದು, ಕಂಪ್ಯೂಟರ್ ಲೆಕ್ಕದ ಜೊತೆ ಹೋಲಿಸಬೇಕು, ಅದಕ್ಕೆ ಟೈಮ್ ಸಿಗೋದು ರಾತ್ರಿ ಕೊನೇ ಪೇಷಂಟ್ ಹೋದ ಮೇಲೆ, ಅಷ್ಟೊತ್ತಿಗೆ ಬೆಳಿಗ್ಗೆ ಏಳಕ್ಕೆ ಬಂದೋರೇ ಕೂತು ಮಾಡ್ತಿರ್ತಾರೆ. ನಿದ್ದೆಗಣ್ಣಲ್ಲಿ ಪಾಸ್ ಫೇಲ್ ನೋಡೋ ಕೆಲಸ ಅಲ್ಲ ಇದು.

ಹಾಗಾದ್ರೆ ಏನು ಮಾಡಬೇಕು ಅಂತ ಸ್ಪಷ್ಟವಾಗಿ ಕೇಳ್ತಿದೀನಿ.

ಎಲ್ಲಕ್ಕಿಂತ ಮೊದಲು ರಿಪೇರಿ ವಿಷಯ. ಯಾವುದೇ ರಿಪೇರಿ ಆದ ಮೇಲೆ, ಅದು ಎಷ್ಟೇ ಚಿಕ್ಕದು ಅಂತ ಎಂಜಿನಿಯರ್ ಹೇಳಿದ್ರೂ, ಆಸ್ಪತ್ರೆಯ ಫಿಸಿಸಿಸ್ಟ್ ಅಳೆದು ಲಿಖಿತದಲ್ಲಿ ಮಷಿನ್ ವಾಪಸ್ ಕೊಡೋವರೆಗೆ ಪೇಷಂಟ್ ಒಳಗೆ ಹೋಗಬಾರದು. ಆ ಸೈನನ್ನ ಮೀರೋ ಅಧಿಕಾರ ಯಾವ ಡೈರೆಕ್ಟರಿಗೂ ಇರಬಾರದು, ಅದಕ್ಕಾಗಿ ಫಿಸಿಸಿಸ್ಟಿನ ಕಾಂಟ್ರಾಕ್ಟ್ ತಡೆಹಿಡಿಯೋ ಹಾಗೂ ಇರಬಾರದು. ರಾಜ್ಯ ಸರ್ಕಾರದ ಒಂದು ಆದೇಶ ಇದ್ರೆ ಆ ಫೋನ್ ಬಂದಾಗ ತೋರಿಸೋಕೆ ನಮ್ಮ ಕೈಯಲ್ಲಿ ಒಂದು ಕಾಗದ ಇರುತ್ತೆ.

ಆಮೇಲೆ ಟೈಮ್. ಮಷಿನ್ ಕೊಳ್ಳೋ ಟೆಂಡರಲ್ಲೇ, ಪಿಪಿಪಿ (ಸರ್ಕಾರ-ಖಾಸಗಿ ಸಹಭಾಗಿತ್ವ) ಒಪ್ಪಂದ ಆದ್ರೆ ಅದರ ಷರತ್ತಲ್ಲೇ, ಬೆಳಗಿನ ಚೆಕ್‌ಗೆ, ತಿಂಗಳ ಅಳತೆಗೆ, ವರ್ಷದ ಕ್ಯಾಲಿಬ್ರೇಷನ್‌ಗೆ ಮಷಿನ್ ಪೇಷಂಟ್ ಇಲ್ಲದೆ ಬಿಡಬೇಕಾದ ಗಂಟೆಗಳನ್ನ ಬರೀರಿ. ಅದೇ ಟೆಂಡರಲ್ಲಿ ಎರಡು ಸೆಟ್ ಚೇಂಬರ್ ಎಲೆಕ್ಟ್ರೋಮೀಟರ್, ಕ್ಯಾಲಿಬ್ರೇಟ್ ಆದ ಬ್ಯಾರೋಮೀಟರ್, ಥರ್ಮಾಮೀಟರ್ ಸೇರಿಸಿ. ತುಂಬಾ ಸಣ್ಣ ಜಾಗಕ್ಕಷ್ಟೇ ಬೀಮ್ ಬಿಟ್ಟು ಟ್ರೀಟ್ ಮಾಡೋ ಸ್ಟೀರಿಯೊಟ್ಯಾಕ್ಟಿಕ್ ಮಷಿನ್ ಕೊಳ್ಳೋದಾದ್ರೆ ಅದಕ್ಕೆ ತಕ್ಕ ಸಣ್ಣ ಡಿಟೆಕ್ಟರೂ ಅದರ ಜೊತೆಯಲ್ಲೇ ಬರಲಿ, ಫ್ರಾನ್ಸಿನ ಟುಲೂಸ್‌ನಲ್ಲಿ 2006ರಲ್ಲಿ ಮಷಿನ್ ಹೊಸದಾಗಿತ್ತು, ಅದನ್ನ ಅಳೆಯೋಕೆ ಇಟ್ಟ ಡಿಟೆಕ್ಟರ್ ಆ ಸಣ್ಣ ಬೀಮಿಗಿಂತ ದೊಡ್ಡದಾಗಿತ್ತು, 145 ಜನಕ್ಕೆ ಓವರ್‌ಡೋಸ್ ಆಯ್ತು.

ಮೂರನೇದು ಹೊರಗಿನ ಅಳತೆ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯೋ ಕೆಲಸ ಇದು. ಎಷ್ಟೇ ಜಾಣ ಫಿಸಿಸಿಸ್ಟ್ ಆದ್ರೂ ತನ್ನ ತಪ್ಪನ್ನ ತನ್ನದೇ ಉಪಕರಣದಿಂದ ಕಂಡುಹಿಡಿಯೋದು ಕಷ್ಟ, ಎಕ್ಸೆಟರ್ ಅದಕ್ಕೇ ಉದಾಹರಣೆ. ಐಎಇಎ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಅಂಚೆಯಲ್ಲಿ ಒಂದು ಆಡಿಟ್ ನಡೆಸ್ತಿವೆ. ಸಣ್ಣ ಕ್ಯಾಪ್ಸೂಲಲ್ಲಿ ಡೋಸಿಮೀಟರ್ ಕಳಿಸ್ತಾರೆ, ಆಸ್ಪತ್ರೆಯವರು ಅದಕ್ಕೆ 2 ಗ್ರೇ ಕೊಟ್ಟು ವಾಪಸ್ ಕಳಿಸಬೇಕು, ನಿಜವಾಗಿ ಎಷ್ಟು ಬಿದ್ದಿದೆ ಅಂತ ಲ್ಯಾಬಿನವರು ಓದ್ತಾರೆ, 5 ಪರ್ಸೆಂಟ್ ಒಳಗಿದ್ರೆ ಪಾಸ್. ಶುರುವಿನ ವರ್ಷಗಳಲ್ಲಿ ಅರ್ಧದಷ್ಟು ಫಲಿತಾಂಶಗಳು ಮಾತ್ರ ಆ ಮಿತಿಯೊಳಗೆ ಬರ್ತಿದ್ವು, ಈಗ ಬಹುಪಾಲು ಬರ್ತವೆ, ಅಳೆದು ತೋರಿಸ್ತಾ ಬಂದಿದ್ದಕ್ಕೇ ಅಷ್ಟು ಸುಧಾರಣೆ ಆಗಿದ್ದು. ನಮ್ಮ ದೇಶದಲ್ಲೂ ಬಿಎಆರ್‌ಸಿ ಇಂಥದೇ ಅಂಚೆ ಆಡಿಟ್ ಮಾಡುತ್ತೆ. ರಾಜ್ಯದ ಪ್ರತಿ ಮಷಿನ್ನೂ ಅದರಲ್ಲಿ ಕ್ರಮವಾಗಿ ಭಾಗವಹಿಸಬೇಕು, ಹಾಗೆ ಮಾಡಿದ ಆಸ್ಪತ್ರೆಗೆ ಮಾತ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ರೇಡಿಯೋಥೆರಪಿ ಪ್ಯಾಕೇಜ್ ಅಂತ ನೀವು ಷರತ್ತು ಹಾಕಬಹುದು. ಅದರ ಜೊತೆಗೆ ರಾಜ್ಯದೊಳಗೇ ಒಂದು ಏರ್ಪಾಡು ಸಾಧ್ಯ, ಹುಬ್ಬಳ್ಳಿಯ ಫಿಸಿಸಿಸ್ಟ್ ತನ್ನ ಚೇಂಬರ್ ತಗೊಂಡು ಕಲಬುರಗಿಗೆ ಹೋಗಿ ಅಲ್ಲಿನ ಬೀಮ್ ಅಳೀಲಿ, ಕಲಬುರಗಿಯವರು ಬೆಂಗಳೂರಿಗೆ ಬರಲಿ, ಬೆಂಗಳೂರಿನೋರು ಮಂಗಳೂರಿಗೆ ಹೋಗಲಿ. ಖರ್ಚು ಅಂದ್ರೆ ಟಿಎ ಡಿಎ ಅಷ್ಟೇ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಹಳೇ ದೊಡ್ಡ ಸಂಸ್ಥೆ ಇದನ್ನ ಮುಂದೆ ನಿಂತು ನಡೆಸಿದ್ರೆ ಖಾಸಗಿಯವರೂ ಬರ್ತಾರೆ ಅಂತ ನನ್ನ ನಂಬಿಕೆ, ಯಾಕಂದ್ರೆ ಸರ್ಕಾರಿ ಇರಲಿ ಖಾಸಗಿ ಇರಲಿ ನಾವು ಫಿಸಿಸಿಸ್ಟ್‌ಗಳು ಒಬ್ರಿಗೊಬ್ರು ಫೋನ್ ಮಾಡಿ ಅನುಮಾನ ಕೇಳ್ಕೊಳೋ ಸಣ್ಣ ಬಳಗ.

ಆ ಆಡಿಟ್ ಫಲಿತಾಂಶವನ್ನ ಮಷಿನ್ ರೂಮಿನ ಬಾಗಿಲ ಪಕ್ಕ ಕನ್ನಡದಲ್ಲಿ ಹಾಕಬೇಕು ಅನ್ನೋದು ನಾಲ್ಕನೇ ಕೋರಿಕೆ. ಕಿರಾಣಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು, ಗಿರಾಕಿ ಕೇಳಿದ್ರೆ ಸರ್ಟಿಫಿಕೇಟ್ ತೋರಿಸಬೇಕು, ಸಕ್ಕರೆ ತೂಗೋದಕ್ಕೇ ಅಷ್ಟು ಹಕ್ಕು ಇರೋ ಜನಕ್ಕೆ ಏಳು ವಾರ ದಿನಾ ಮಲಗೋ ಮಷಿನ್ನಿನ ಅಳತೆ ಸರಿ ಇದೆಯಾ ಅಂತ ನೋಡೋ ಹಕ್ಕು ಯಾಕಿರಬಾರದು. ಈ ಮಷಿನ್ನಿನ ಬೀಮನ್ನ ಹೊರಗಿನವರು ಇಂಥ ದಿನ ಅಳೆದಿದ್ದಾರೆ, ವ್ಯತ್ಯಾಸ ಇಷ್ಟು ಪರ್ಸೆಂಟ್, ಮಿತಿ 5 ಪರ್ಸೆಂಟ್, ಮುಂದಿನ ಅಳತೆ ಇಂಥ ತಿಂಗಳು, ಇಷ್ಟೇ ಸಾಲು. ಜನ ಹೆದರ್ತಾರೆ ಅಂತ ಕೆಲವು ಡಾಕ್ಟ್ರು ಹೇಳ್ತಾರೆ. ನನ್ನ ಅನುಭವದಲ್ಲಿ ಪೇಷಂಟ್‌ಗಳಿಗೆ ವಿಷಯ ಬಿಡಿಸಿ ಹೇಳಿದ್ರೆ ಅವರು ಹೆದರಲ್ಲ, ಧೈರ್ಯ ತಗೋತಾರೆ.

ಹುದ್ದೆಗಳ ಬಗ್ಗೆ ಹೆಚ್ಚು ಹೇಳಲ್ಲ, ಅದರ ಫೈಲುಗಳು ನಿಮ್ಮ ಇಲಾಖೆಯಲ್ಲೇ ಇರುತ್ತೆ. ಮೆಡಿಕಲ್ ಫಿಸಿಕ್ಸ್ ಓದಿ ಇಂಟರ್ನ್‌ಶಿಪ್ ಮುಗಿಸಿ ಆರ್‌ಎಸ್‌ಒ ಪರೀಕ್ಷೆ ಪಾಸಾದ ಮಕ್ಕಳು ನಮ್ಮಲ್ಲೇ ಇದಾರೆ. ಮಷಿನ್ ಮಂಜೂರಾದ ದಿನವೇ ಅದರ ಫಿಸಿಸಿಸ್ಟ್ ಹುದ್ದೆಗಳೂ ಪರ್ಮನೆಂಟ್ ಆಗಿ ಮಂಜೂರಾಗಲಿ, ಬಂಕರ್ (ಮಷಿನ್ ಇಡೋ ದಪ್ಪ ಗೋಡೆಯ ಕೋಣೆ) ಕಟ್ಟೋ ಹೊತ್ತಿಗೇ ಅವರು ಕೆಲಸಕ್ಕೆ ಸೇರಿದ್ರೆ ಮಷಿನ್ ಬಂದಾಗ ಕಮಿಷನಿಂಗ್ ಅಳತೆಗಳನ್ನ, ಅಂದ್ರೆ ಪೇಷಂಟ್ ಶುರುವಾಗೋ ಮುಂಚಿನ ಮೊದಲ ಅಳತೆಗಳನ್ನ, ಕಂಪನಿಯವರ ಮೇಲೆ ಬಿಡದೆ ತಾವೇ ಮಾಡ್ತಾರೆ.

ಈ ಷರತ್ತುಗಳನ್ನ ಟೆಂಡರ್ ಭಾಷೆಯಲ್ಲಿ ಬರೆದುಕೊಡೋ ಕೆಲಸಕ್ಕೆ ನಾವು ಕೆಲವರು ಸಿದ್ಧ ಇದೀವಿ, ದುಡ್ಡೇನೂ ಬೇಡ. ಮುಂದಿನ ಮಷಿನ್ನಿನ ಟೆಂಡರ್ ಹೊರಡಿಸೋ ಮುಂಚೆ ಇಲಾಖೆಯ ಒಬ್ಬ ಅಧಿಕಾರಿ ನಮ್ಮ ಜೊತೆ ಒಂದು ಸಂಜೆ ಕೂತ್ರೆ ಸಾಕು. ಇನ್ನೊಂದು ಸಣ್ಣ ವಿನಂತಿ, ಸಾಧ್ಯ ಆದ್ರೆ ನೀವೇ ಒಂದು ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಯಾವುದಾದ್ರೂ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ ವಿಭಾಗಕ್ಕೆ ಬನ್ನಿ, ಮುಂಚೆ ತಿಳಿಸೋದೇನೂ ಬೇಡ, ಅವತ್ತಿನ ಔಟ್‌ಪುಟ್ ರಿಜಿಸ್ಟರ್ ತೆಗೆಸಿ ನೋಡಿ, ಕೊನೇ ರಿಪೇರಿ ಆದ ದಿನ ಯಾರ ಸೈನ್ ಇದೆ ಅಂತಲೂ ನೋಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೆಡಿಕಲ್ ಫಿಸಿಸಿಸ್ಟ್